ಸಿಗರೇಟಿಗೆ ಪಾಪ, ಬೀಡಿಗೆ ಅಯ್ಯೋ ಪಾಪ

ನಮ್ಮ ಆಫೀಸಿನ ಎದುರು ಮಂಜಣ್ಣನ ಪೆಟ್ಟಿಗೆ ಅಂಗಡಿ ಇದೆ. ಅದರ ಕಂಬಕ್ಕೆ ಒಂದು ನಾರಿನ ಹಗ್ಗ ನೇತುಬಿದ್ದಿರುತ್ತದೆ. ಬೆಳಗ್ಗೆ ಅಂಗಡಿ ತೆಗೆದಾಗ ಅದರ ತುದಿಗೆ ಕಿಡಿ ಹಚ್ಚಿದರೆ ಸಂಜೆವರೆಗೂ ಮೆಲ್ಲಗೆ ಉರಿಯುತ್ತಲೇ ಇರುತ್ತದೆ. ಬೀಡಿಯವನೂ ಅದಕ್ಕೇ ಬಗ್ಗಬೇಕು, ಉದ್ದ ಸಿಗರೇಟಿನವನೂ ಅದಕ್ಕೇ ಬಗ್ಗಬೇಕು. ಬಡವ, ಬಲ್ಲಿದ ಅನ್ನುವ ಭೇದ ಆ ಹಗ್ಗಕ್ಕೆ ಗೊತ್ತಿಲ್ಲ. ಸರ್ಕಾರಕ್ಕೆ ಗೊತ್ತು.

ನಾನು ಸೇದುವುದು ಬಿಟ್ಟು ಆರು ವರ್ಷವಾಯಿತು. ಈಗ ಬರೀ ಟೀ. ಆದರೆ ಅಂಗಡಿ ಮುಂದೆ ನಿಂತು ಮೂರೂ ಕಡೆಯ ಹೊಗೆ ಕುಡಿಯುತ್ತೇನೆ. ದೇಶದಲ್ಲಿ ತೆರಿಗೆಯೇ ಬೀಳದ ಹೊಗೆ ಅಂದರೆ ಸದ್ಯಕ್ಕೆ ನನ್ನದೇ ಇರಬೇಕು. ಇದನ್ನು ಯಾರಿಗೂ ಹೇಳಬೇಡಿ, ಮುಂದಿನ ಬಜೆಟ್ಟಿನಲ್ಲಿ ಸೇರಿಸಿಬಿಟ್ಟಾರು.

2026ರ ಫೆಬ್ರವರಿ 1ರಿಂದ ಹೊಸ ತೆರಿಗೆ ಬಂತು. ಅದು ಭಾನುವಾರ. ಮರುದಿನ ಮಂಜಣ್ಣ ಅಂಗಡಿ ತೆಗೆದವನೇ ಒಂದು ರಟ್ಟಿನ ಮೇಲೆ ಬರೆದು ನೇತುಹಾಕಿದ: 'ಹೊಸ ರೇಟು, ಹಳೇ ಜಗಳ ಬೇಡ.' ಸಿಗರೇಟಿಗೆ ಜಿಎಸ್‌ಟಿ ಶೇ 28 ಇದ್ದದ್ದು 40 ಆಯಿತು. ಹಳೆಯ ಸೆಸ್ ಹೋಗಿ ಅದರ ಜಾಗಕ್ಕೆ ಎಕ್ಸೈಸ್ ಸುಂಕ ಬಂದು ಕೂತಿತು. ಬೀಡಿಗೆ ಏನಾಯಿತು ಗೊತ್ತಾ? ಅದಕ್ಕೂ ಮೊದಲು ಶೇ 28 ಇತ್ತು, ಈಗ 18. ಅಂದರೆ ಇಳಿಯಿತು. ಬೀಡಿ ಎಲೆಗಂತೂ ಹಿಂದಿನ ಸೆಪ್ಟೆಂಬರಿನಲ್ಲೇ 18ರಿಂದ 5ಕ್ಕೆ ಇಳಿಸಿಯಾಗಿತ್ತು.

ಇಂಥ ತೆರಿಗೆಯನ್ನು ಪೇಪರಿನವರು 'ಪಾಪದ ತೆರಿಗೆ' ಅಂತ ಕರೆಯುತ್ತಾರೆ. ಕೆಟ್ಟ ಚಟ ಪಾಪ, ಆದ್ದರಿಂದ ತೆರು ಅಂತ. ಆದರೆ ನಮ್ಮ ಭಾಷೆಯಲ್ಲಿ ಒಂದು ತೊಡಕಿದೆ. 'ಪಾಪ' ಅಂದರೆ ಪಾಪವೂ ಹೌದು, 'ಅಯ್ಯೋ ಪಾಪ'ವೂ ಹೌದು. ದೆಹಲಿಯಲ್ಲಿ ಯಾರೋ ಕನ್ನಡದವರೇ ಕೂತು ಈ ಪಟ್ಟಿ ಮಾಡಿರಬೇಕು ಅಂತ ನನಗೆ ಗುಮಾನಿ. ಸಿಗರೇಟು ನೋಡಿ 'ಪಾಪ' ಅಂದರು, 40 ಹಾಕಿದರು. ಬೀಡಿ ನೋಡಿ 'ಪಾಪ' ಅಂದರು, 10 ಇಳಿಸಿದರು.

ಅಂಗಡಿ ಮುಂದೆ ದಿನಾ ಸೇರುವವರು ಮೂರು ಜನ. ನಮ್ಮ ಗೇಟಿನ ಸೆಕ್ಯುರಿಟಿ ಸಿದ್ದಪ್ಪ, ಕೊಪ್ಪಳದ ಕಡೆಯವನು, ಬೀಡಿ. ಅಕೌಂಟ್ಸ್ ಸೆಕ್ಷನ್ನಿನ ರಾಮಕೃಷ್ಣಯ್ಯನವರು, ಮೋಟು ಸಿಗರೇಟು. ಪಕ್ಕದ ಗಾಜಿನ ಕಟ್ಟಡದ ರೋಹನ್, ಉದ್ದ ಸಿಗರೇಟು. ನಾಲ್ಕನೆಯವರು ನಮ್ಮ ಎಂ.ಡಿ. ಅವರು ಅಂಗಡಿಗೆ ಬರುವುದಿಲ್ಲ. ಅವರ ಕಥೆ ಆಮೇಲೆ ಹೇಳುತ್ತೇನೆ, ಅದೇ ಎಲ್ಲಕ್ಕಿಂತ ಚೆನ್ನಾಗಿದೆ.

ರೇಟು ಏರಿದ ದಿನ ರೋಹನ್ ಫೋನಿನಲ್ಲಿ ಮಾತಾಡುತ್ತಲೇ ಬಂದ, ಸ್ಕ್ಯಾನ್ ಮಾಡಿದ, ಹಚ್ಚಿಕೊಂಡ. ಏರಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಮಂಜಣ್ಣನೇ ತಡೆಯಲಾರದೆ "ಸರ್, ಜಾಸ್ತಿ ಆಗಿದೆ" ಅಂದ. "ಹೌದಾ?" ಅಂದ ಹುಡುಗ, ಮತ್ತೆ ಫೋನಿಗೆ ಹೋದ. ಆರೋಗ್ಯಕ್ಕಾಗಿ ಹಾಕಿದ ತೆರಿಗೆ ಅವನ ಶ್ವಾಸಕೋಶದ ಹತ್ತಿರ ಸುಳಿಯಲೇ ಇಲ್ಲ. ಬ್ಯಾಂಕಿನವರ ಮೆಸೇಜಿನಲ್ಲಿ ಬಂದು, ಓದದೇ ಉಳಿಯಿತು.

ರಾಮಕೃಷ್ಣಯ್ಯನವರ ಕಥೆ ಬೇರೆ. ಅವರು ಲೆಕ್ಕದ ಮನುಷ್ಯ. ಮರುದಿನ ಜೇಬಿನಲ್ಲಿ ಸ್ಕೇಲು ಇಟ್ಟುಕೊಂಡು ಬಂದರು. ಸುಮ್ನೆ ಹೇಳುತ್ತಿಲ್ಲ, ಆಫೀಸಿನ 15 ಸೆಂಟಿಮೀಟರಿನ ಸ್ಟೀಲ್ ಸ್ಕೇಲು. ಯಾಕೆಂದರೆ ನಮ್ಮ ದೇಶದಲ್ಲಿ ಸಿಗರೇಟಿನ ಪಾಪವನ್ನು ಅಳೆಯುವುದು ಮಿಲಿಮೀಟರಿನಲ್ಲಿ. ಫಿಲ್ಟರ್ ಸಿಗರೇಟು 65 ಮಿ.ಮೀ. ಒಳಗಿದ್ದರೆ ಸಾವಿರ ಸಿಗರೇಟಿಗೆ 2,100 ರೂಪಾಯಿ ಎಕ್ಸೈಸ್. 65 ದಾಟಿ 70ರೊಳಗಿದ್ದರೆ 4,000. 70 ದಾಟಿ 75ರೊಳಗಿದ್ದರೆ 5,400. ಈ ಯಾವ ಅಳತೆಗೂ ಸಿಗದವಕ್ಕೆ 8,500. ರಾಮಕೃಷ್ಣಯ್ಯನವರು ಟೀ ಲೋಟದ ಪಕ್ಕ ಸಿಗರೇಟು ಮಲಗಿಸಿ, ಕನ್ನಡಕ ಮೇಲೆತ್ತಿ, ಕಣ್ಣು ಕಿರಿದು ಮಾಡಿ ಅಳೆದರು.

"ನೋಡ್ರೀ, 65ಕ್ಕೂ 66ಕ್ಕೂ ನಡುವೆ ಸಿಗರೇಟೊಂದಕ್ಕೆ ಒಂದು ರೂಪಾಯಿ 90 ಪೈಸೆ ಇದೆ. ಒಂದೇ ಒಂದು ಮಿಲಿಮೀಟರಿಗೆ! ಬೆಂಗಳೂರಿನಲ್ಲಿ ಸೈಟಿಗೂ ಇಷ್ಟು ಅಳತೆ ನೋಡಲ್ಲ."

ನಾನು ಕೇಳಿದೆ: "ಹಾಗಾದರೆ 65ರ ಸಿಗರೇಟು ಸೇದಿದರೆ ಕ್ಯಾನ್ಸರೂ ಮೋಟು ಬರುತ್ತಾ?"

"ಅದು ಆರೋಗ್ಯ ಇಲಾಖೆ ಪ್ರಶ್ನೆ, ಇದು ಹಣಕಾಸು ಇಲಾಖೆ ಸ್ಕೇಲು" ಅಂದರು.

ಅವರು ಪ್ಯಾಕ್ ಕೊಳ್ಳುವುದಿಲ್ಲ, ಒಂದೊಂದೇ ಬಿಡಿಯಾಗಿ ಕೊಳ್ಳುತ್ತಾರೆ. ನಮ್ಮ ರಾಜ್ಯದ ಕಾನೂನಿನಲ್ಲಿ ಬಿಡಿ ಸಿಗರೇಟು ಮಾರುವಂತಿಲ್ಲ. 21 ತುಂಬದವರಿಗೆ ಮಾರುವಂತಿಲ್ಲ. 200 ಇದ್ದ ದಂಡ 1,000ಕ್ಕೆ ಏರಿದೆ. ಆದರೆ ಮಂಜಣ್ಣನ ಅಂಗಡಿಯಲ್ಲಿ ಯಾವಾಗ ನೋಡಿದರೂ ಒಂದು ಪ್ಯಾಕ್ ಬಾಯಿ ತೆರೆದುಕೊಂಡೇ ಇರುತ್ತದೆ, ಹಸಿದ ಹಕ್ಕಿಮರಿ ಥರ. ಇಲ್ಲೊಂದು ಮಜಾ ಇದೆ. ಪ್ಯಾಕಿನ ಶೇ 85 ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಅಂತ ನಿಯಮ. 2017ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟ್ ಈ ನಿಯಮವನ್ನು ರದ್ದು ಮಾಡಿತ್ತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅಷ್ಟು ದೊಡ್ಡ ದೊಡ್ಡ ವಕೀಲರು ಶೇಕಡಾವಾರಿಗೆ ಗುದ್ದಾಡಿದ ಆ ಚಿತ್ರವನ್ನು ನೋಡುವವನು ಯಾರು? ಪ್ಯಾಕ್ ಕೊಳ್ಳುವ ರೋಹನ್. ಅವನಿಗೆ ಅದೇ ಚಿತ್ರ ಇಂಟರ್‌ನೆಟ್ಟಿನಲ್ಲೂ ಸಿಗುತ್ತದೆ, ಡಾಕ್ಟರೂ ಸಿಗುತ್ತಾರೆ, ಇನ್ಶೂರೆನ್ಸೂ ಇದೆ. ಬಿಡಿ ಕೊಳ್ಳುವ ರಾಮಕೃಷ್ಣಯ್ಯನವರ ಕೈಗೆ ಬರುವುದು ಬರೀ ಬಿಳಿ ಕಡ್ಡಿ. ಎಚ್ಚರಿಕೆ ಶೇ 0.

ಪ್ಯಾಕಿನ ಮೇಲೆ ಚಟ ಬಿಡಲು ಸಹಾಯವಾಣಿ ನಂಬರೂ ಇರುತ್ತದೆ, 1800-11-2356. ಸರ್ಕಾರ ಕಳಕಳಿಯಿಂದ 'ಬಿಡಿ' ಅನ್ನುತ್ತಿದೆ. ಜನ 'ಬಿಡಿ' ಅಂತ ಕೇಳಿಸಿಕೊಂಡು ಒಂದೊಂದೇ ಕೊಳ್ಳುತ್ತಾರೆ. ರೇಟು ಇನ್ನೂ ಏರಿದರೆ ಅದೇ ಮಾತು ದೀರ್ಘವಾಗಿ 'ಬೀಡಿ' ಅಂತ ಕೇಳಿಸುತ್ತದೆ. ಸಿಗರೇಟು ಉದ್ದವಾದರೆ ತೆರಿಗೆ ಏರುತ್ತದೆ, ಅಕ್ಷರ ಉದ್ದವಾದರೆ ತೆರಿಗೆ ಇಳಿಯುತ್ತದೆ. ನಮ್ಮ ಮೇಷ್ಟ್ರು ಹ್ರಸ್ವ, ದೀರ್ಘ ಸರಿಯಾಗಿ ಕಲಿಯಿರಿ ಅಂತ ಹೊಡೆದದ್ದು ಯಾಕೆ ಅಂತ ಈಗ ಗೊತ್ತಾಗುತ್ತಿದೆ.

ಇನ್ನು ಸಿದ್ದಪ್ಪ. ಬೀಡಿ ತೆರಿಗೆ ಇಳಿದ ಸುದ್ದಿ ನಾನೇ ಹೇಳಿದೆ. ಹಲ್ಲು ಬಿಟ್ಟು ನಕ್ಕ. "ಸರ್ಕಾರಕ್ಕ ನಮ್ ಮ್ಯಾಲ ಭಾಳ ಪ್ರೀತಿ ಐತ್ರಿ ಸರ. ಅಕ್ಕಿನೂ ಪುಕ್ಕಟೆ ಕೊಡ್ತಾರ, ಬೀಡಿನೂ ಸಸ್ತಾ ಮಾಡ್ಯಾರ." ಅಂದು ಕೆಮ್ಮಿದ. ಆ ಕೆಮ್ಮು ಮುಗಿಯುವಷ್ಟರಲ್ಲಿ ನನ್ನ ಟೀ ಆರಿತು.

ದೇಶದಲ್ಲಿ ಸಿಗರೇಟಿಗಿಂತ ಬೀಡಿ ಸೇದುವವರೇ ಜಾಸ್ತಿ. 2016-17ರ ಸಮೀಕ್ಷೆಯಲ್ಲಿ ದೊಡ್ಡವರ ಪೈಕಿ ಸಿಗರೇಟಿನವರು ಶೇ 4, ಬೀಡಿಯವರು ಶೇ 7.7. ಬೀಡಿ ಹೊಗೆಯೇನು ಅಗರಬತ್ತಿ ಹೊಗೆಯಲ್ಲ. ರೇಟು ಏರಿದಾಗ ಮೊದಲು ಬಿಡುವವನೂ ಕಿಸೆಯಲ್ಲಿ ಕಾಸಿಲ್ಲದವನೇ. ಅಂದರೆ ತೆರಿಗೆ ಅನ್ನುವ ಔಷಧ ಯಾರಿಗೆ ನಾಟುತ್ತದೋ ಅವರಿಗೆ ಕೊಡುವುದಿಲ್ಲ, ಯಾರಿಗೆ ನಾಟುವುದಿಲ್ಲವೋ ಅವರಿಗೆ ಡಬಲ್ ಡೋಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆ ಇತ್ತಲ್ಲ, ಇಲ್ಲಿ ಎಮ್ಮೆಗೆ ಬರೆ ಹಾಕಿದ್ದಷ್ಟೇ ಅಲ್ಲ, ಎತ್ತಿಗೆ ಜ್ವರದ ಮೇಲೆ ರಿಯಾಯಿತಿ ಬೇರೆ.

ಬೀಡಿ ತೆರಿಗೆ ಅಂದ ತಕ್ಷಣ ಒಂದು ವಾದ ಬರುತ್ತದೆ: ಬೀಡಿ ಕಟ್ಟುವ ಹೆಂಗಸರ ಗತಿ ಏನು? ಪ್ರಶ್ನೆ ನಿಜವಾದದ್ದೇ, ನಗುವಂಥದ್ದಲ್ಲ. ದಕ್ಷಿಣ ಕನ್ನಡದ ಹಳ್ಳಿಮನೆಗಳ ಜಗಲಿಯಲ್ಲಿ ತೊಡೆ ಮೇಲೆ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ನೂಲು ಕಟ್ಟುತ್ತಾ ಕೂತ ಅಕ್ಕಂದಿರನ್ನು ನೋಡಿದ್ದೇನೆ. ಟಿವಿ ನೋಡುತ್ತಿದ್ದರೂ ಬೆರಳು ನಿಲ್ಲುವುದಿಲ್ಲ. ಮಜೂರಿ ಸಾವಿರ ಬೀಡಿಗೆ ಇಷ್ಟು ಅಂತ. ಚೆನ್ನಾಗಿಲ್ಲದ ಬೀಡಿಯನ್ನು ಕಂಟ್ರಾಕ್ಟರು ಬದಿಗೆ ತೆಗೆದಿಡುತ್ತಾನೆ, ಅದಕ್ಕೆ ಕಾಸಿಲ್ಲ. ಶೇ 28 ಇದ್ದದ್ದು 18 ಆಯಿತಲ್ಲ, ಆ ಹತ್ತು ಈ ಮೊರಕ್ಕೆ ಬಂದು ಬೀಳುತ್ತದೆ ಅಂತ ಯಾವ ಕಾನೂನಿನಲ್ಲಿ ಬರೆದಿದೆ? ಅಕ್ಕನ ಹೆಸರಿನಲ್ಲಿ ಅರ್ಜಿ, ಧಣಿಯ ಹೆಸರಿನಲ್ಲಿ ಚೆಕ್ಕು.

ರಾಜಕೀಯದವರು ಇದರಲ್ಲೂ ಅಕ್ಷರಾಭ್ಯಾಸ ಮಾಡಿದರು. ಬಿಹಾರ ಚುನಾವಣೆಗೆ ಮೊದಲು ಬೀಡಿ ತೆರಿಗೆ ಇಳಿಕೆಯ ಘೋಷಣೆ ಬಂದಾಗ, ಕೇರಳ ಕಾಂಗ್ರೆಸ್ಸಿನ ಎಕ್ಸ್ ಖಾತೆಯಲ್ಲಿ ಬೀಡಿಗೂ ಬಿಹಾರಕ್ಕೂ ಮೊದಲ ಅಕ್ಷರ ಒಂದೇ ಅಂತ ಜೋಕ್ ಮಾಡಿದರು. ಗಲಾಟೆಯಾಗಿ ಅಳಿಸಿ ಕ್ಷಮೆಯನ್ನೂ ಕೇಳಿದರು. ಹೊಗೆಯನ್ನು ಯಾರೂ ಅಳಿಸಲಿಲ್ಲ.

ಜಗಿಯುವವರಿಗೆ ಅಸೂಯೆ ಬೇಡ, ಅವರಿಗೂ ಸನ್ಮಾನ ಇದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಪಾನ್ ಮಸಾಲೆ ಮೇಲೆ ಹೊಸ ಸೆಸ್ ಪಾಸು ಮಾಡಿತು. ಹೆಸರು 'ಹೆಲ್ತ್ ಸೆಕ್ಯುರಿಟಿ ಸೇ ನ್ಯಾಷನಲ್ ಸೆಕ್ಯುರಿಟಿ ಸೆಸ್'. ಅಂದರೆ ಆರೋಗ್ಯ ರಕ್ಷಣೆಯಿಂದ ದೇಶ ರಕ್ಷಣೆ. ಬಸ್ ಸ್ಟ್ಯಾಂಡಿನ ಮೂಲೆಗೆ ಕೆಂಪಗೆ ಉಗಿಯುವವನನ್ನು ನಾನು ಇಷ್ಟು ದಿನ ಬೈಯುತ್ತಿದ್ದೆ. ಈಗ ಸೆಲ್ಯೂಟ್ ಹೊಡೆಯಬೇಕೋ ಏನೋ. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಅವತ್ತಿನಿಂದ ಮಸಾಲೆ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳುವುದು ಗಿರಾಕಿಯ ಸ್ವಂತ ಉದ್ಯೋಗ.

ಸರ್ಕಾರ ಎಷ್ಟು ಕೈಗಳ ದೇವರು ಅಂತ ತಿಳಿಯಬೇಕಾದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೋಗಬೇಕು. ಅಲ್ಲಿ ಹೊಗೆಸೊಪ್ಪು ಬೆಳೆಯಲು ಲೈಸೆನ್ಸ್ ಕೊಡುವುದು, ಈ ವರ್ಷ ಇಷ್ಟೇ ಬೆಳೆಯಿರಿ ಅನ್ನುವುದು, ಹರಾಜು ನಡೆಸುವುದು, ಎಲ್ಲಾ ಕೇಂದ್ರದ ತಂಬಾಕು ಮಂಡಳಿ. ಅದು ವಾಣಿಜ್ಯ ಇಲಾಖೆಯ ಕೂಸು. ಒಳ್ಳೆ ರೇಟು ಬರಲಿ ಅಂತ ಅಲ್ಲಿ ಹೋರಾಟ, ಸೇದಬೇಡಿ ಅಂತ ಆರೋಗ್ಯ ಇಲಾಖೆಯ ಜಾಹೀರಾತು. ಅಷ್ಟೇ ಅಲ್ಲ. ದೇಶದ ದೊಡ್ಡ ಸಿಗರೇಟ್ ಕಂಪನಿಯಲ್ಲಿ ಎಲ್‌ಐಸಿಗೆ ಸುಮಾರು ಶೇ 15 ಪಾಲಿದೆ. ಅದೇ ಎಲ್‌ಐಸಿ ಟರ್ಮ್ ಪಾಲಿಸಿ ಕೊಡುವಾಗ ಸೇದುವವನಿಗೆ ಪ್ರೀಮಿಯಂ ಜಾಸ್ತಿ ಹಾಕುತ್ತದೆ. ನೀನು ಸೇದಿದರೆ ಲಾಭ, ಸೇದಿ ಸತ್ತೀಯೆ ಅಂತ ಭಯ. ಮಗುವನ್ನು ಚಿವುಟುವುದೂ ತಾನೇ, ತೊಟ್ಟಿಲು ತೂಗುವುದೂ ತಾನೇ, ಲಾಲಿ ಹಾಡಿದ್ದಕ್ಕೆ ಜಿಎಸ್‌ಟಿಯೂ ತನ್ನದೇ.

ಈಗ ನಮ್ಮ ಎಂ.ಡಿ. ಕಥೆ. ಅವರು ತಿಂಗಳಿಗೊಂದು ಸಲವಾದರೂ ಸಿಂಗಾಪುರ, ದುಬೈ ಅಂತ ಓಡಾಡುವವರು. ವಿದೇಶದಿಂದ ವಿಮಾನದಲ್ಲಿ ಬರುವ ಪ್ರಯಾಣಿಕ 100 ಸಿಗರೇಟುಗಳವರೆಗೆ ಸುಂಕವಿಲ್ಲದೆ ತರಬಹುದು. ಎಂ.ಡಿ. ಸಾಹೇಬರು ನಿಯಮ ಮೀರುವವರಲ್ಲ, ಎಣಿಸಿ 100 ತರುತ್ತಾರೆ. ಉದ್ದನೆಯವು, ಬಂಗಾರದ ಅಂಚಿನವು. ಮಿಲಿಮೀಟರ್ ಕೇಳುವವರಿಲ್ಲ. ಹೀಗೆ ನಮ್ಮ ಆಫೀಸಿನ ಪಾಪದ ಲೆಕ್ಕ: ನಡೆದು ಬರುವ ಸಿದ್ದಪ್ಪನಿಗೆ ಶೇ 18. ಬಸ್ಸಿನಲ್ಲಿ ಬರುವ ರಾಮಕೃಷ್ಣಯ್ಯನವರಿಗೆ 40, ಮೇಲೆ ಸ್ಕೇಲು. ಕಾರಿನಲ್ಲಿ ಬರುವ ರೋಹನ್‌ಗೆ 40, ಉದ್ದನೆ ಸ್ಕೇಲು. ವಿಮಾನದಲ್ಲಿ ಬರುವ ಎಂ.ಡಿ.ಗೆ ಸೊನ್ನೆ. ನೆಲದಿಂದ ಮೇಲೆ ಹೋದಂತೆ ಪಾಪ ಏರಿ ಏರಿ, ಮೋಡ ದಾಟಿದ ಮೇಲೆ ಪೂರ್ತಿ ತೊಳೆದುಹೋಗುತ್ತದೆ. ಹಿರಿಯರು ಸ್ವರ್ಗ ಮೇಲಿದೆ ಅಂದದ್ದು ಡ್ಯೂಟಿ ಫ್ರೀ ಅಂಗಡಿ ನೋಡಿಯೇ ಇರಬೇಕು.

ಇದನ್ನೆಲ್ಲಾ ಹೇಳಿದಾಗ ರಾಮಕೃಷ್ಣಯ್ಯನವರು ಏನೂ ಮಾತಾಡಲಿಲ್ಲ. ಅವರಿಗೆ ಮಗಳ ಕಾಲೇಜು ಫೀಜಿನ ಚಿಂತೆ. ಫೆಬ್ರವರಿಯಲ್ಲಿ ದಿನಕ್ಕೆ ಆರು ಇದ್ದದ್ದನ್ನು ನಾಲ್ಕು ಮಾಡಿದರು. ಓಹೋ, ತೆರಿಗೆ ಕೆಲಸ ಮಾಡಿತು ಅಂತ ನಾನು ಖುಷಿಪಟ್ಟೆ. ಮಾರ್ಚಿನಲ್ಲಿ ಎರಡಾಯಿತು. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ.

ಮೊನ್ನೆ ಮಧ್ಯಾಹ್ನ ಟೀಗೆ ಹೋದಾಗ ನೋಡಿದೆ. ಗೇಟಿನ ಹಿಂದೆ, ಜನರೇಟರ್ ಪಕ್ಕದ ನೆರಳಿನಲ್ಲಿ ರಾಮಕೃಷ್ಣಯ್ಯನವರು ಅತ್ತಿತ್ತ ನೋಡುತ್ತಾ ನಿಂತಿದ್ದಾರೆ. ಸಿದ್ದಪ್ಪ ಯೂನಿಫಾರ್ಮಿನ ಜೇಬಿನಿಂದ ಕಟ್ಟು ತೆಗೆದು, ಒಂದು ಬೀಡಿ ಎಳೆದು, ಬೆರಳ ನಡುವೆ ಹೊಸಕಿ ಮೆತ್ತಗೆ ಮಾಡಿ, ತಾನೇ ಹಚ್ಚಿ ಅವರ ಕೈಗಿಟ್ಟ. ಇವರು ಸಿಗರೇಟಿನ ಅಭ್ಯಾಸದವರು. ಒಂದು ದಮ್ ಎಳೆದು, ಕೈ ಇಳಿಬಿಟ್ಟು, ಯಾವುದೋ ಯೋಚನೆಯಲ್ಲಿ ನಿಂತರು. ಬೀಡಿ ಆರಿಹೋಯಿತು.

"ಅಯ್ಯೋ, ಪಾಪ" ಅಂದ ಸಿದ್ದಪ್ಪ, ಮತ್ತೆ ಕಡ್ಡಿ ಗೀರುತ್ತಾ. "ಎಳೀತಾ ಇರಬೇಕ್ರಿ ಸಾಹೇಬ್ರ. ಬಿಟ್ರ ಆರ್ತೈತ್ರಿ."