ಸಮತೆಗೆ ಬೋರ್ಡಿಂಗ್ ಪಾಸ್ ಲಗತ್ತಿಸಿ

ಮುಂಬಯಿಯಲ್ಲಿ ‘ಇಕ್ವಿಟಿ’ ಅಂದರೆ ಮೊದಲು ಒಂದೇ ಅರ್ಥ, ಷೇರು. ಈಗ ಎರಡಾಗಿದೆ, ಎರಡೂ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಎಂಬ ಕಚೇರಿಗಳ ಬಡಾವಣೆ, ಬಿಕೆಸಿಯಲ್ಲೇ ಸಿಗುತ್ತವೆ. ಒಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಕಟ್ಟಡದಲ್ಲಿ, ಇನ್ನೊಂದು ಅಲ್ಲೇ ಆಸುಪಾಸಿನ ಹೋಟೆಲುಗಳ ಬ್ಯಾಂಕ್ವೆಟ್ ಹಾಲಿನಲ್ಲಿ, ‘ಹೆಲ್ತ್ ಇಕ್ವಿಟಿ’, ಅಂದರೆ ಆರೋಗ್ಯದಲ್ಲಿ ಸಮತೆ, ಎಂಬ ಬ್ಯಾನರಿನಡಿ. ಮೊದಲನೆಯದಕ್ಕೆ ಡಿಮ್ಯಾಟ್ ಖಾತೆ ಬೇಕು, ಎರಡನೆಯದಕ್ಕೆ ಕೊರಳಲ್ಲೊಂದು ಬ್ಯಾಡ್ಜು ಸಾಕು.

ಈ ಎರಡನೇ ಇಕ್ವಿಟಿಯಲ್ಲಿ ದುಡಿಯುವ ಎಳೆಯರಿಗೆ ‘ಜಾಗತಿಕ ಆರೋಗ್ಯ ವೃತ್ತಿಪರರು’ ಎಂದು ಹೆಸರು. ಎರಡು ಮಾತಿಗೊಮ್ಮೆ ‘ಲಾಸ್ಟ್ ಮೈಲ್’ ಅನ್ನುತ್ತಾರೆ, ಸೇವೆ ಜನರ ಬಾಗಿಲು ಮುಟ್ಟುವ ಕೊನೆಯ ಮೈಲಿ. ಕುರ್ಲಾ ಪಶ್ಚಿಮದಲ್ಲಿ ಇಳಿದು ಶೇರ್ ರಿಕ್ಷಾದ ಸಾಲಿನಲ್ಲಿ ನಿಂತವರಿಗೆ ಲಾಸ್ಟ್ ಮೈಲ್ ಏನೆಂದು ಬಿಡಿಸಿ ಹೇಳಬೇಕಿಲ್ಲ. ಇವರು ಕ್ಯಾಬಿನಲ್ಲಿ ಬರುತ್ತಾರೆ.

ಮೊದಲ ಸ್ಲೈಡು ಎಲ್ಲೆಡೆ ಒಂದೇ: ಬೇಲಿಯಾಚೆಯ ಆಟ ನೋಡಲು ಮೂವರು ಹುಡುಗರು, ಕಾಲಡಿಗೆ ಮೂರು ಪೆಟ್ಟಿಗೆ. ಗಿಡ್ಡನಿಗೆ ಎರಡು ಪೆಟ್ಟಿಗೆ ಕೊಟ್ಟರೆ ಅದೇ ಸಮತೆ. ಬರೆದವರು ಮುಂಬಯಿಯಲ್ಲಿ ಮನೆ ಹುಡುಕಿದವರಲ್ಲ. ಇಲ್ಲಿ ಆ ಪೆಟ್ಟಿಗೆಗೆ ಒಂದೋ ಪಗಡಿ ಎಂಬ ಮುಂಗಡದ ಗಂಟು ಕೇಳುತ್ತಾರೆ, ಇಲ್ಲವೇ ಹನ್ನೊಂದು ತಿಂಗಳಿಗೆ ಖಾಲಿ ಮಾಡಿಸುತ್ತಾರೆ.

ಕ್ಷಯದ ವಿಷಯದಲ್ಲಿ ಈ ಕ್ಷೇತ್ರದ ಸಾಧನೆ ದೊಡ್ಡದು, ಪದಗಳ ಮಟ್ಟಿಗೆ. ಮೊದಲೆಲ್ಲ ಕಫ ಪರೀಕ್ಷೆಗೆ ಬಂದವನು ‘ಸಸ್ಪೆಕ್ಟ್’, ಠಾಣೆಗೆ ಕರೆತಂದವನ ಹಾಗೆ. ನಡುವೆ ಗುಳಿಗೆ ಬಿಟ್ಟವನು ‘ಡಿಫಾಲ್ಟರ್’, ಸೊಸೈಟಿ ಸಾಲ ಮುಳುಗಿಸಿದವನ ಹಾಗೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪರಿಭಾಷೆ ತಿದ್ದಿತು. ಈಗ ಮೊದಲನೆಯವನು ‘ಪ್ರಿಸಂಪ್ಟಿವ್’ (ರೋಗ ಇರಬಹುದಾದವನು), ಎರಡನೆಯವನು ‘ಲಾಸ್ಟ್ ಟು ಫಾಲೋ ಅಪ್’ (ಸಂಪರ್ಕ ತಪ್ಪಿದವನು). ಒಳ್ಳೆಯದೇ ಆಯಿತು, ಬೈಗುಳ ತಪ್ಪಿತು. ಗುಳಿಗೆ ಬಿಡುವ ಕಾರಣಗಳಿಗೆ ಮಾತ್ರ ಯಾರೂ ಮರುನಾಮಕರಣ ಮಾಡಲಿಲ್ಲವಾಗಿ ಅವು ಹಳೆಯವೇ ಉಳಿದಿವೆ.

ಗೋವಂಡಿಯ ನಾಕಾದಲ್ಲಿ ಕೂಲಿಗೆ ನಿಲ್ಲುವ ಯಾದಗಿರಿ ಕಡೆಯ ಗೌಂಡಿಯೊಬ್ಬನನ್ನು ನೋಡಿ. ಮಲ್ಲಪ್ಪ ಅನ್ನೋಣ. ಕ್ಷಯ ತಗಲಿದೆ, ತೂಕ 43 ಕೆಜಿ. 35ರಿಂದ 49 ಕೆಜಿಯವರಿಗೆ ದಿನಕ್ಕೆ 3 ಗುಳಿಗೆ, ಮೂರೂ ಒಟ್ಟಿಗೆ, ಖಾಲಿ ಹೊಟ್ಟೆಗೆ. ಉಂಡು ನುಂಗಿದರೆ ಅದರಲ್ಲಿರುವ ರಿಫಾಂಪಿಸಿನ್ ಎಂಬ ಮದ್ದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೊದಲ 2 ತಿಂಗಳು ಒಂದೊಂದು ಗುಳಿಗೆಯಲ್ಲೂ ನಾಲ್ಕು ಮದ್ದು, ಮುಂದಿನ 4 ತಿಂಗಳು ಪೈರಾಜಿನಮೈಡ್ ಕಳೆದು ಮೂರು. ರಿಫಾಂಪಿಸಿನ್ ಮೂತ್ರವನ್ನು ಕೇಸರಿ ಮಾಡುತ್ತದೆ. ಮೊದಲ ದಿನವೇ ಇದನ್ನು ಅವನ ಭಾಷೆಯಲ್ಲಿ ಹೇಳದಿದ್ದರೆ ರಕ್ತ ಹೋಗುತ್ತಿದೆ ಅಂದುಕೊಳ್ಳುತ್ತಾನೆ, ಗುಳಿಗೆ ಗಟಾರ ಸೇರುತ್ತದೆ. ಹೇಳಿದರೂ ಎರಡು ತಿಂಗಳಿಗೆ ಕೆಮ್ಮು ನಿಂತು ತೂಕ ಏರುತ್ತದೆ, ಗುಣವಾಯಿತು ಅಂದುಕೊಳ್ಳುತ್ತಾನೆ. ವಾಕರಿಕೆ ಇಟ್ಟುಕೊಂಡು ಬೆಳಗಿನ ನಾಕಾಕ್ಕೆ ಹೋಗಲಾಗದು. ಅಷ್ಟರಲ್ಲಿ ಊರಲ್ಲಿ ಬಿತ್ತನೆ, ಗುಳಿಗೆ ಬಿಟ್ಟು ಹೊರಟ. ಕ್ಷಯ ರೋಗಿಗಳ ಲೆಕ್ಕವಿಡುವ ಸರ್ಕಾರಿ ನಿಕ್ಷಯ್ ಪೋರ್ಟಲ್ಲಿನಲ್ಲಿ ‘ಟ್ರಾನ್ಸ್‌ಫರ್’ ಒತ್ತಿದ್ದರೆ ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಗುಳಿಗೆ ಮುಂದುವರಿಯುತ್ತಿತ್ತು. ಒತ್ತುವವರಿಗೆ ಅವನು ಹೊರಟದ್ದು ತಿಳಿದಿರಲಿಲ್ಲ, ಅವನಿಗೆ ಹೇಳಿ ಹೊರಡಬೇಕೆಂಬುದು ತಿಳಿದಿರಲಿಲ್ಲ.

ದುಡ್ಡಿನ ಕತೆ ಇನ್ನೂ ಚೆಂದ. ರೋಗಿಯ ಪೌಷ್ಟಿಕ ಆಹಾರಕ್ಕೆ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ 1000. ನೇರ ಖಾತೆಗೇ ಜಮೆ. ಆದರೆ ಆಧಾರಿನ ಮಲ್ಲಪ್ಪನಿಗೆ ಎರಡು ‘ಎಲ್’, ಪಾಸ್‌ಬುಕ್ಕಿನ ಮಲ್ಲಪ್ಪನಿಗೆ ಒಂದೇ. ಖಾತೆಯೋ ಊರಿನ ಶಾಖೆಯಲ್ಲಿ, ವ್ಯವಹಾರವಿಲ್ಲದೆ ನಿದ್ದೆ ಹೋಗಿದೆ. ಎಬ್ಬಿಸಲು ಖಾತೆದಾರ ಖುದ್ದು ಬರಬೇಕಂತೆ.

ಇತ್ತ ಬ್ಯಾಂಕ್ವೆಟ್ ಹಾಲಿನಲ್ಲಿ ದೀಪ ಬೆಳಗುವುದು ಇನ್ನೂ ನಡೆದಿದೆ. ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಲ್ಲೇ ಓಡಿ ಸುಮಾರು ಒಂದು ಗಂಟೆಯಲ್ಲಿ ಕ್ಷಯ ಇದೆಯೋ ಇಲ್ಲವೋ ಹೇಳಿಬಿಡುತ್ತದೆ. ಅಷ್ಟು ಹೊತ್ತಿನಲ್ಲಿ ಇಲ್ಲಿ ಗಣ್ಯರ ಪರಿಚಯವೂ ಮುಗಿಯದು. ಬ್ಯಾನರ್ ಮೇಲೆ ಗಡುವು 2030 ಎಂದಿದೆ. 1978ರಲ್ಲಿ ಆಲ್ಮಾ ಅಟಾ ಘೋಷಣೆಯ ಹೊತ್ತಿಗೆ ಎಲ್ಲರಿಗೂ ಆರೋಗ್ಯದ ಗಡುವು 2000 ಇತ್ತು. ನಮ್ಮ ದೇಶ ಕ್ಷಯಮುಕ್ತವಾಗಲು ಇಟ್ಟುಕೊಂಡಿದ್ದ ಗಡುವು 2025. ಬ್ಯಾನರ್ ಮಾಡಿಸುವವರಿಗೊಂದು ಸಲಹೆ: ಇಸವಿಯ ಜಾಗಕ್ಕೆ ವೆಲ್ಕ್ರೋ ಹಾಕಿಸಿ.

ಊಟಕ್ಕೆ ಮುಂಚಿನ ಗೋಷ್ಠಿಗೆ ‘ಲಿವ್ಡ್ ಎಕ್ಸ್‌ಪೀರಿಯನ್ಸ್’, ಅಂದರೆ ರೋಗ ಅನುಭವಿಸಿದವರ ಮಾತು, ಬೇಕು. ಬಿತ್ತನೆ ಮುಗಿಸಿ ಬಂದು ಮತ್ತೆ ಗುಳಿಗೆ ಹಿಡಿದಿರುವ ಮಲ್ಲಪ್ಪನಿಗೆ ಬುಲಾವ್, 3 ನಿಮಿಷ. ಭಾಷಾಂತರಕ್ಕೆ ಮಾಟುಂಗದ ನಮ್ಮ ಹುಡುಗಿ: ಮನೆಯಲ್ಲಿ ಉಡುಪಿ ಕನ್ನಡ, ಸ್ಲೈಡಿನಲ್ಲಿ ಜಿನೀವಾ ಇಂಗ್ಲಿಷು.

“ಅಕ್ಕಾರ, ಗುಳಿಗಿ ನುಂಗಿದ್ರ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ತದರಿ. ಮನ್ಯಾಗ ರೊಟ್ಟಿ ಇದ್ರ ಗುಳಿಗಿ ದಕ್ಕತಾವ್ರಿ. ರೊಟ್ಟಿದೇ ವಿಚಾರ ಮಾಡ್ರಿ ಮೊದ್ಲ.”

ಹುಡುಗಿ ಮೈಕಿನಲ್ಲಿ: “ಹೀ ಈಸ್ ಕಾಲಿಂಗ್ ಫಾರ್ ಎ ನ್ಯೂಟ್ರಿಷನ್ ಸೆನ್ಸಿಟಿವ್, ಪೀಪಲ್ ಸೆಂಟರ್ಡ್ ಅಪ್ರೋಚ್.” ಚಪ್ಪಾಳೆ.

“ರೊಟ್ಟಿದು ಹೇಳಿದ್ರ್ಯಾ ಅಕ್ಕಾರ?”

“ಹೇಳಿದೆ ಮಾರಾಯ್ರೆ, ಅದನ್ನೇ ಹೇಳಿದ್ದು.”

ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ರೇಷನ್ಸ್’ ಅಧ್ಯಯನದ್ದೂ ರೊಟ್ಟಿಯ ಮಾತೇ. ರೋಗಿಯ ಮನೆಮಂದಿಗೆ ಆಹಾರ ಕೊಟ್ಟಾಗ ಅವರಿಗೆ ಕ್ಷಯ ತಗಲುವುದು ಶೇ. 40ರ ಹತ್ತಿರ ತಗ್ಗಿತು. ಮಲ್ಲಪ್ಪ 3 ನಿಮಿಷದಲ್ಲಿ ಮುಗಿಸಿದ್ದನ್ನು ಅಲ್ಲಿ ಲೆಕ್ಕ ಹಾಕಿ ತೋರಿಸಲು ವರ್ಷಗಳೇ ಹಿಡಿದವು.

ಹುಡುಗಿಯನ್ನು ಪೂರ್ತಿ ದೂರುವಂತಿಲ್ಲ, ಅವಳಿಗೂ ಬೇಲಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆ ಇಂಟರ್ನ್‌ಗಳಿಗೆ ಭತ್ಯೆ ಕೊಡಲು ತೊಡಗಿದ್ದೇ 2020ರಲ್ಲಿ. ಅಲ್ಲಿಯವರೆಗೆ ಜಿನೀವಾದಲ್ಲಿ ಸಮತೆ ಕಲಿಯಲು ಅಪ್ಪನ ದುಡ್ಡು ಬೇಕಿತ್ತು. 2022ರ ಮಾಂಟ್ರಿಯಲ್ ಏಡ್ಸ್ ಸಮ್ಮೇಳನಕ್ಕೆ ಆಫ್ರಿಕಾ, ಏಷ್ಯಾಗಳಿಂದ ಹೊರಟ ಎಷ್ಟೋ ಮಂದಿಗೆ ಕೆನಡಾ ವೀಸಾವನ್ನೇ ಕೊಡಲಿಲ್ಲ.

ಮಲ್ಲಪ್ಪನಿಗೆ ವೀಸಾ ಬೇಕಿರಲಿಲ್ಲ. ಗೋವಂಡಿಯಿಂದ ಕುರ್ಲಾಕ್ಕೆ ಸೆಕೆಂಡ್ ಕ್ಲಾಸು, 5 ರೂಪಾಯಿ. ಅಲ್ಲಿಂದ ಶೇರ್ ರಿಕ್ಷಾ, ಅದಕ್ಕೆ ರಸೀದಿ ಇಲ್ಲ. ಒಂದು ದಿನದ ಕೂಲಿ ಹೋಯಿತು, ಅದಕ್ಕೆ ಅತಿಥಿಗಳ ಖರ್ಚು ಮರಳಿಸುವ ಫಾರ್ಮಿನಲ್ಲಿ ಕಾಲಮ್ಮೇ ಇಲ್ಲ. ಇರುವ ಕಾಲಮ್ಮುಗಳು ಪ್ಯಾನ್, ರದ್ದು ಮಾಡಿದ ಚೆಕ್ಕು, ಬೋರ್ಡಿಂಗ್ ಪಾಸಿನ ಮೂಲ ಪ್ರತಿ. ಹಣ ಹೋಗಬೇಕಾದ್ದು ಯಾದಗಿರಿಯಲ್ಲಿ ಮಲಗಿರುವ ಅದೇ ಖಾತೆಗೆ.

ಸಂಘಟಕರು ಇಂಗ್ಲಿಷಿನಲ್ಲಿ ಮೂರು ಇಮೇಲ್ ಕಳಿಸಿದ್ದಾರೆ. ಮಲ್ಲಪ್ಪನಿಗೆ ಇಮೇಲ್ ಇಲ್ಲದ್ದರಿಂದ ಮೂರೂ ಹೋದದ್ದು ಹುಡುಗಿಗೆ, ಅವಳು ಮುಂದಿನ ಸಮ್ಮೇಳನದಲ್ಲಿದ್ದಾಳೆ. ಲೆಕ್ಕಪತ್ರ ವಿಭಾಗದ ಹಾಳೆಯಲ್ಲಿ ಅವನ ಹೆಸರಿನೆದುರು ಒಂದು ಸಾಲು: ‘ಪೆಂಡಿಂಗ್, ಅತಿಥಿಯ ಕಡೆಯಿಂದ.’