ಮಲಗಿರುವ ಬೆನೀನೋನನ್ನು ಎಬ್ಬಿಸಬೇಡಿ

ನನ್ನ ಮೇಜಿನ ಮೇಲೆ ಒಬ್ಬ ಹುಡುಗ ಮಲಗಿದ್ದಾನೆ. ಅಂಗೈಯಷ್ಟೂ ಇಲ್ಲ, ಸುಟ್ಟ ಮಣ್ಣಿನವನು. ಹೆಸರು ಬೆನೀನೋ, ಕುರಿ ಕಾಯುವವನು. ಇಟಲಿಯ ನೇಪಲ್ಸ್‌ನವರು ಕ್ರಿಸ್‌ಮಸ್‌ಗೆ ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಲ್ಲಿ ಕಟ್ಟುವ ಗೋದಲಿಯಲ್ಲಿ ಇವನ ಜಾಗ ಗುಡ್ಡದ ಮೇಲೆ. ಕೆಳಗಿನ ಸಂತೆ, ಹೊಳೆ, ಗುಹೆ, ಮಗು ಯೇಸು ಎಲ್ಲವೂ ಇವನು ಕಾಣುತ್ತಿರುವ ಕನಸಂತೆ. ಎಬ್ಬಿಸಿದರೆ ಗೋದಲಿಯೇ ಮಾಯ. ಹಾಗಂತ ಅಲ್ಲಿನವರು ಹೇಳುತ್ತಾರೆ.

ಇವನು ಸಿಕ್ಕಿದ್ದು ಸಾನ್ ಗ್ರೆಗೋರಿಯೋ ಅರ್ಮೇನೋ ಬೀದಿಯಲ್ಲಿ. ಹಳೇ ನೇಪಲ್ಸ್‌ನ ಎರಡು ಉದ್ದ ಬೀದಿಗಳನ್ನು ಕೂಡಿಸುವ ಇಕ್ಕಟ್ಟಾದ ಓಣಿ ಅದು. ನಡುವೆ ತಲೆಯ ಮೇಲೇ ಕಮಾನು, ಅದರ ಮೇಲೆ ಗಂಟೆ ಗೋಪುರ. ಎರಡೂ ಬದಿಗೆ ಗೋದಲಿ ಅಂಗಡಿಗಳು, ಕ್ರಿಸ್‌ಮಸ್‌ಗೆ ಮಾತ್ರ ಅಲ್ಲ, ವರ್ಷವಿಡೀ. ಬೆಂಡಿನಲ್ಲಿ ಕೆತ್ತಿದ ಮನೆಗಳು, ಕಟ್ಟು ಕಟ್ಟಿಟ್ಟ ಪಾಚಿ, ಉಗುರಿನಷ್ಟು ಮೀನಿನ ಬುಟ್ಟಿ, ಪುಟ್ಟ ಮೋಟಾರಿನಿಂದ ನೀರು ಚಿಮ್ಮಿಸುವ ಕಾರಂಜಿ. ಒಂದು ಅಂಗಡಿಯ ಮುಂದೆ ನಿಂತರೆ ಅರ್ಧ ಗಂಟೆ ಹೋಗುತ್ತದೆ.

ಅಲ್ಲೇ ಸಾಲಾಗಿ ಮರಡೋನ ಗೊಂಬೆಗಳೂ ಇದ್ದವು. ಜೊತೆಗೆ ರಾಜಕಾರಣಿಗಳು, ಹಾಡುಗಾರರು. ಯೇಸು ಹುಟ್ಟಿದ ಕಡೆ ಫುಟ್‌ಬಾಲ್ ಆಟಗಾರನಾ ಅಂತ ಮೊದಲು ನನಗೆ ಬೇಸರವಾಯಿತು. ತುಂಬಾ ಜನರಿಗೆ ಹಾಗೇ ಅನಿಸುತ್ತದೆ. ಅದು ತಪ್ಪು ಅಂತ ಈಗ ನನ್ನ ಅಭಿಪ್ರಾಯ.

ಅಭಿಪ್ರಾಯ ಬದಲಾದದ್ದು ಮರುದಿನ, ಗುಡ್ಡದ ಮೇಲಿನ ಸಾನ್ ಮಾರ್ತೀನೋ ಮ್ಯೂಸಿಯಂನಲ್ಲಿ. ಅಲ್ಲಿ ಕುಚ್ಚಿನಿಯೆಲ್ಲೋ ಅನ್ನುವವರು ಕೊಟ್ಟ ದೊಡ್ಡ ಗೋದಲಿ ಇದೆ. ಅದರ ಗೊಂಬೆಗಳು 18ನೇ ಶತಮಾನದವು. 1734ರಲ್ಲಿ ನೇಪಲ್ಸ್‌ನ ರಾಜನಾದ ಬೂರ್ಬನ್ ಮನೆತನದ ಚಾರ್ಲ್ಸ್‌ಗೆ ಗೋದಲಿ ಅಂದರೆ ಪ್ರಾಣ. ರಾಜನಿಗೆ ಇಷ್ಟ ಅಂದ ಮೇಲೆ ಶ್ರೀಮಂತರೂ ಪೈಪೋಟಿಗೆ ಇಳಿದರು. ಆ ಗೊಂಬೆಗಳ ತಲೆ ಸುಟ್ಟ ಮಣ್ಣಿನದು, ಕಣ್ಣು ಗಾಜಿನದು, ಕೈಕಾಲು ಮರದ್ದು. ಮೈ ಮಾತ್ರ ತಂತಿ ಮತ್ತು ನಾರಿನದು, ಬೇಕಾದ ಹಾಗೆ ಬಗ್ಗಿಸಬಹುದು. ಮೇಲೆ ನಿಜವಾದ ರೇಷ್ಮೆ ಬಟ್ಟೆ. 1753ರಲ್ಲಿ ಅಮೃತಶಿಲೆಯಲ್ಲಿ ಮುಸುಕು ಹೊದ್ದ ಕ್ರಿಸ್ತನನ್ನು ಕಡೆದ ಜುಸೆಪ್ಪೆ ಸಾನ್‌ಮಾರ್ತೀನೋ ಕೂಡ ಗೋದಲಿ ಗೊಂಬೆ ಮಾಡುತ್ತಿದ್ದ.

ಆ ಗೋದಲಿಯಲ್ಲಿ ಮಗು ಎಲ್ಲಿದೆ ಅಂತ ನಾನು ಹುಡುಕಬೇಕಾಯಿತು! ಸುತ್ತ ಅಷ್ಟು ಜನ. ಹೆಂಡ ಮಾರುವವನು, ಮೀನಿನವನು, ವಾದ್ಯ ನುಡಿಸುವವರು, ಹೋಟೆಲಿನವನು. ಇವರು ಬೆತ್ಲೆಹೇಮಿನವರಲ್ಲ, ನೇಪಲ್ಸ್‌ನ ಬೀದಿಯವರು. ಮಗು ಇರುವುದು ಮುರಿದ ರೋಮನ್ ಗುಡಿಯ ಕಂಬಗಳ ಹತ್ತಿರ. ಜ್ವಾಲಾಮುಖಿಯಿಂದ ಹೂತುಹೋಗಿದ್ದ ಪಕ್ಕದ ರೋಮನ್ ಊರುಗಳಾದ ಹರ್ಕ್ಯುಲೇನಿಯಂ, ಪಾಂಪೆಯಿಗಳನ್ನು ಅಗೆಯಲು ಶುರುಮಾಡಿದ್ದು ಅದೇ ಕಾಲದಲ್ಲಿ, 1738 ಮತ್ತು 1748ರಲ್ಲಿ. ತಮ್ಮ ಕಣ್ಣ ಮುಂದೆ ಇದ್ದದ್ದನ್ನೆಲ್ಲ ಅವರು ದೇವರ ಹತ್ತಿರ ಕರೆತಂದರು. ನಮ್ಮ ದಸರಾ ಗೊಂಬೆಗಳಲ್ಲೂ ಹಾಗೇ ಅಲ್ವಾ? ಪಟ್ಟದ ಗೊಂಬೆಗಳ ಕೆಳಗೆ ಶೆಟ್ಟಿ ಶೆಟ್ಟಮ್ಮ ಬೇಳೆ, ಅಕ್ಕಿ ಹರಡಿಕೊಂಡು ಕೂತಿರುತ್ತಾರೆ. ಅವರಿಲ್ಲದೆ ನಮಗೆ ಗೊಂಬೆ ಹಬ್ಬ ಹಬ್ಬ ಅನಿಸುವುದಿಲ್ಲ.

1984ರಲ್ಲಿ ಬಂದ ಮರಡೋನ ಆ ಊರಿಗೆ ಎರಡು ಸಲ ಇಟಲಿಯ ಲೀಗ್ ಗೆದ್ದುಕೊಟ್ಟ. ಅಲ್ಲಿಯವರೆಗೆ ಊರಿನ ತಂಡ ನಾಪೋಲಿ ಒಮ್ಮೆಯೂ ಗೆದ್ದಿರಲಿಲ್ಲ. ಅವನು ಅವರ ಮನೆಯವನು. ಅವನನ್ನು ಹೊರಗೆ ನಿಲ್ಲಿಸಿ ಅಂತ ಹೇಳಲು ನಾನ್ಯಾರು?

ನನ್ನ ತಕರಾರು ಬೇರೆ. ಅಚ್ಚಿನಲ್ಲಿ ಸುರಿದು ಸಾವಿರಗಟ್ಟಲೆ ತೆಗೆದ ಪ್ಲಾಸ್ಟಿಕ್ ಗೊಂಬೆಗಳೂ ಈಗ ಅಲ್ಲಿ ಮಾರಾಟಕ್ಕಿವೆ. ಎಲ್ಲ ಮುಖವೂ ಒಂದೇ. ಪಕ್ಕದಲ್ಲೇ ವಯಸ್ಸಾದ ಒಬ್ಬರು ಕಡ್ಡಿಯ ತುದಿಯಲ್ಲಿ ಒಂದು ಮುದುಕಿಯ ಹಣೆಯ ಸುಕ್ಕು ತಿದ್ದುತ್ತಿದ್ದರು. ನಾನು ಹತ್ತು ನಿಮಿಷ ನಿಂತಿದ್ದೆ, ಅವರು ತಲೆ ಎತ್ತಲಿಲ್ಲ. ಅಷ್ಟರಲ್ಲಿ ಮೂರ್ನಾಲ್ಕು ಜನ ಬಂದು ಬೆಲೆ ಕೇಳಿ, ಜಾಸ್ತಿಯಾಯಿತು ಅಂದು, ಫೋಟೋ ತೆಗೆದುಕೊಂಡು ಹೋದರು. ನನಗೆ ಸಂಕಟವಾಯಿತು. ಆ ಸುಕ್ಕಿಗೆ ಹಿಡಿದ ಹೊತ್ತನ್ನು ನೋಡಿದವರು ಹಾಗೆ ಹೇಳಲಾರರು.

ನೀವು ಹೋಗುವುದಾದರೆ ಡಿಸೆಂಬರ್ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗಿ, ಕೆಲಸ ಮಾಡುವ ಕೈಗಳು ಕಾಣುತ್ತವೆ. ಹತ್ತು ಅಚ್ಚಿನ ಗೊಂಬೆಗಳ ಬದಲು ಕೈಯಲ್ಲಿ ಮಾಡಿದ ಒಂದನ್ನು ತನ್ನಿ. ನನ್ನ ಬೆನೀನೋನ ಬೆನ್ನಿನ ಮೇಲೆ, ಬಣ್ಣದ ಅಡಿಯಲ್ಲಿ, ಯಾರದೋ ಹೆಬ್ಬೆರಳಿನ ಗೆರೆಗಳು ಹಾಗೇ ಉಳಿದಿವೆ.