ಗೋಡೆಗೊಬ್ಬ ಚಿಕ್ಕಪ್ಪ

ಸಾಗರದ ಹತ್ತಿರ ನಮ್ಮದೊಂದು ಹಳೇ ಮನೆಯಿದೆ. ಮಾಡು ಸೋರಿದಾಗ, ಕರೆಂಟ್ ಬಿಲ್ ಬಂದಾಗ, ಬಚ್ಚಲಿನ ಪೈಪ್ ಒಡೆದಾಗ ಅದು ನನ್ನ ಮನೆ. ಗೋಡೆಗೆ ಯಾವ ಬಣ್ಣ ಹೊಡೆಸೋಣ ಎಂದು ಬಾಯಿ ತಪ್ಪಿ ಕೇಳಿದರೆ ಮಾತ್ರ ಅದು ಬೆಂಗಳೂರು, ಹುಬ್ಬಳ್ಳಿ, ಪುಣೆ ಮತ್ತು ಅಮೆರಿಕದ ಡಲ್ಲಾಸ್‌ನಲ್ಲಿರುವ ಎಲ್ಲರ ಮನೆ.

ಮನೆಗೆ ಕಾಯಿಲೆ ಶುರುವಾಗಿದ್ದು ಮೇಲಿನಿಂದ. ಹೆಂಚು ಹೊರುವ ಮರದ ಪಕಾಸಿಗೆ ಒರಲೆ ಹಿಡಿದಿತ್ತು. ಬೆರಳಲ್ಲಿ ಒತ್ತಿದರೆ ಒಳಗೆ ಹಿಟ್ಟು. ಆಚಾರಿ ಬಂದು ನೋಡಿ, "ಈ ಮಾಡು ನಿಂತಿರೋದು ಅಭ್ಯಾಸಬಲದಿಂದ" ಎಂದರು. ರಿಪೇರಿ ಮಾಡಿಸಲೇಬೇಕಿತ್ತು. ಫ್ಯಾಮಿಲಿ ಗುಂಪಿನಲ್ಲಿ ಒಂದು ಸಾಲು ಹಾಕಿದೆ. ಅರ್ಧ ಗಂಟೆಯಲ್ಲಿ ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿ, "ನಾವೆಲ್ಲ ಇದ್ದೇವೆ" ಎಂದರು. ಅದನ್ನು ಧೈರ್ಯದ ಮಾತು ಎಂದುಕೊಂಡೆ. ಡಲ್ಲಾಸ್‌ನ ತಮ್ಮನೊಬ್ಬನನ್ನು ಬಿಟ್ಟು ಎಲ್ಲರೂ ನಿಜವಾಗಿ ಬಂದರು.

ಮಲೆನಾಡಿನಲ್ಲಿ ಮನೆ ಮುಟ್ಟಲು ಸಿಗುವ ಕಾಲವೇ ಸ್ವಲ್ಪ. ದೀಪಾವಳಿ ಆಸುಪಾಸಿಗೆ ಅಡಿಕೆ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ. ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವ ಹೊತ್ತಿಗೆ ಶಿವರಾತ್ರಿ. ಅಲ್ಲಿಂದ ಮದುವೆ, ಉಪನಯನ, ಮೇಸ್ತ್ರಿಗೂ ನೆಂಟರಿರುತ್ತಾರಲ್ವಾ? ಜೂನ್ 7-8ಕ್ಕೆ ಮೃಗಶಿರ ಮಳೆ. ಉಳಿಯುವುದು ಏಪ್ರಿಲ್, ಮೇ. ಶಾಲೆಗೆ ರಜೆ ಇರುವುದೂ ಆಗಲೇ. ಹಾಗಾಗಿ ನಮ್ಮ ಕಡೆ ಮನೆ ರಿಪೇರಿಯಿಂದ ನೆಂಟರನ್ನು ಬೇರೆ ಮಾಡಲು ಬರುವುದಿಲ್ಲ.

ಮೊದಲ ಕೆಲಸ ಅಟ್ಟ ಖಾಲಿ ಮಾಡುವುದು. ಅಂಗಳದಲ್ಲಿ ಎರಡು ರಾಶಿ: ಇಡುವುದು, ಎಸೆಯುವುದು. ಮಕ್ಕಳು ಉತ್ಸಾಹದಿಂದ ಇಳಿಸಿದರು. ಕೊಳಗ, ತೂತು ಬಿದ್ದ ಹಂಡೆ, ಹಿಡಿ ಇಲ್ಲದ ಕೊಡೆ, ಅಜ್ಜ ಮಳೆಗಾಲದಲ್ಲಿ ಹೊದೆಯುತ್ತಿದ್ದ ಗೊರಬು, ಯಾವ ಬೀಗಕ್ಕೂ ಸೇರದ ಬೀಗದಕೈ ಗೊಂಚಲು, ಬೀಗ ಹಾಕಿಕೊಂಡೇ ಇದ್ದ ಒಂದು ಪೆಟ್ಟಿಗೆ. ಸಂಜೆ ಹೊತ್ತಿಗೆ ಎಸೆಯುವ ರಾಶಿ ದೊಡ್ಡದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಇಡುವ ರಾಶಿ ದೊಡ್ಡದಾಗಿತ್ತು. ರಾತ್ರಿ ಯಾರ್ಯಾರು ಟಾರ್ಚ್ ಹಿಡಿದು ಓಡಾಡಿದರೋ, ಯಾರೂ ಒಪ್ಪಲಿಲ್ಲ. ಎಸೆಯುವ ರಾಶಿಯಲ್ಲಿ ಉಳಿದಿದ್ದು ನನ್ನ ಹೈಸ್ಕೂಲಿನ ಪ್ರಶಸ್ತಿ ಪತ್ರಗಳು ಮಾತ್ರ.

ಸೋದರತ್ತೆ ಒಂದು ಪಿಂಗಾಣಿ ಮುಚ್ಚಳ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಉಪ್ಪಿನಕಾಯಿ ಭರಣಿಯ ಮುಚ್ಚಳ.

"ಭರಣಿ ಎಲ್ಲಿ ಅತ್ತೆ?"

"ಅದು ಒಡೆದು ಎಷ್ಟೋ ವರ್ಷ ಆಯ್ತು."

"ಮತ್ತೆ ಮುಚ್ಚಳ ಯಾಕೆ?"

"ನಾಳೆ ಭರಣಿ ತಂದ್ರೆ ಮುಚ್ಚಳ ಎಲ್ಲಿಂದ ತರ್ತೀಯ?"

ನನ್ನ ಬಳಿ ಉತ್ತರ ಇರಲಿಲ್ಲ. ಮುಚ್ಚಳ ಇಡುವ ರಾಶಿಗೆ ಹೋಯಿತು.

ಆಮೇಲೆ ಹೆಂಚು ಇಳಿಸುವ ಕೆಲಸ. ಒಂದು ಮಂಗಳೂರು ಹೆಂಚು ಎರಡೂವರೆ ಕೆಜಿ ಹತ್ತಿರ ತೂಗುತ್ತದೆ. ದೊಡ್ಡ ಮಾಡಾದರೆ ಸಾವಿರಗಟ್ಟಲೆ ಹೆಂಚು. ಆಳು ಸಾಲದು ಎಂದಾಗ ಚಿಕ್ಕಪ್ಪ, "ಆಳು ಯಾಕೆ? ನಾವಿಲ್ವಾ?" ಎಂದು ಎಲ್ಲರನ್ನೂ ಏಣಿಯಿಂದ ಕೊಟ್ಟಿಗೆಯವರೆಗೆ ಸಾಲಾಗಿ ನಿಲ್ಲಿಸಿದರು. ಕೈಯಿಂದ ಕೈಗೆ ಹೆಂಚು ದಾಟಬೇಕು. ಒಳ್ಳೇ ಯೋಜನೆ. ಆದರೆ ಪಕ್ಕಪಕ್ಕದಲ್ಲಿ ನಿಂತವರು ವರ್ಷದಿಂದ ಭೇಟಿಯಾಗದ ಅಕ್ಕತಂಗಿಯರು. ಮಾತು ಶುರುವಾದ ಕಡೆ ಹೆಂಚು ನಿಂತಿತು. ಹಿಂದಿನವರು ಕೊಡುತ್ತಲೇ ಇದ್ದರು. ಹುಬ್ಬಳ್ಳಿಯ ಭಾವನ ಕೈಯಲ್ಲಿ ಒಂದರ ಮೇಲೊಂದು ನಾಲ್ಕು ಹೆಂಚು ಕೂತಿದ್ದಾಗ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಆಫೀಸಿನ ಕರೆ. ಭಾವ ಕರ್ತವ್ಯನಿಷ್ಠರು. ಫೋನ್ ಎತ್ತಿದರು.

ಒಡೆದ ಹೆಂಚಿನ ಚೂರು ಹೆಕ್ಕುವಾಗ ದೊಡ್ಡಪ್ಪ ಒಂದು ಕಡೆ ನಿಂತುಬಿಟ್ಟರು. ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು, ಅಂಕಿ ಕಂಡರೆ ಬಿಡುವವರಲ್ಲ. ಹೆಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ ಎಂಬ ಒತ್ತು, ಅದರ ಜೊತೆ 1865.

"ನೋಡಿ! ನಮ್ಮ ಮನೆ 1865ರದ್ದು!"

ಯಾರಾದರೂ ಬಾಯಿ ತೆರೆಯುವಷ್ಟರಲ್ಲಿ ಫೋಟೋ ಗುಂಪಿಗೆ ಹೋಯಿತು. ಡಲ್ಲಾಸ್‌ನಲ್ಲಿ ಆಗ ಮಧ್ಯರಾತ್ರಿ. ಆದರೂ ತಮ್ಮ ಎದ್ದು ಕೂತು, "ಹೆರಿಟೇಜ್ ಹೋಂಸ್ಟೇ ಮಾಡೋಣ, ಜೋಗಕ್ಕೆ ಬರೋ ಟೂರಿಸ್ಟ್ ಎಲ್ಲ ನಮ್ಮಲ್ಲೇ ಇಳೀತಾರೆ" ಎಂದು ಬರೆದ. ಪುಣೆಯ ಚಿಕ್ಕಪ್ಪ ಒಂದು ರಾತ್ರಿಗೆ ಎಷ್ಟು ಬಾಡಿಗೆ ಎಂದು ಲೆಕ್ಕ ಹಾಕಿದರು. ಆ ಹೊತ್ತಿಗೆ ಮನೆಗೆ ಮಾಡೇ ಇರಲಿಲ್ಲ.

1865 ಎಂದರೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಇಸವಿ. ಅಲ್ಲಿನ ಹೊಳೆದಂಡೆಯ ಜೇಡಿಮಣ್ಣು ಹೆಂಚಿಗೆ ಹೇಳಿಮಾಡಿಸಿದ್ದು. ಆಮೇಲೆ ಎಷ್ಟೋ ವರ್ಷ ಬಂದ ಹೆಂಚಿನ ಮೇಲೂ ಅದೇ ಇಸವಿ ಇರುತ್ತಿತ್ತು. ಹೋಟೆಲ್ ಬೋರ್ಡಿನಲ್ಲಿ 'ಸ್ಥಾಪನೆ 1950' ಅಂತಿದ್ದರೆ ಒಳಗೆ ಕೊಡುವ ಇಡ್ಲಿ ಆ ವರ್ಷದ್ದಲ್ಲವಲ್ಲ, ಹಾಗೆ. ಇದನ್ನು ದೊಡ್ಡಪ್ಪನಿಗೆ ಆದಷ್ಟು ಮೆತ್ತಗೆ ಹೇಳಿದೆ. ಅವರು, "ನೀನು ಯಾವಾಗಲೂ ಮನೆತನದ ಮರ್ಯಾದೆ ಕಡಿಮೆ ಮಾಡೋನೇ" ಎಂದರು.

ಮುಗಿಸಿದ್ದು ಸೋದರತ್ತೆ. ಅವರು ದೊಡ್ಡಪ್ಪನಿಗೆ ಅಕ್ಕ. "1865 ಅಂತೆ! ನನ್ನ ತೊಟ್ಟಿಲು ಕಟ್ಟೋ ದಿನ ಈ ಮನೆಗೆ ಸೋಗೆ ಹೊದೆಸ್ತಿದ್ರು ಅಂತ ಅಮ್ಮ ಹೇಳ್ತಿದ್ಲು. ಹೆಂಚು ಬಂದಿದ್ದು ನೀನು ಹುಟ್ಟಿದ ಮೇಲೆ. ನೀನು ಗಾಡಿಯಿಂದ ಒಂದು ಹೆಂಚು ಎಳೆದು ಕಾಲ ಮೇಲೆ ಹಾಕ್ಕೊಂಡು ಅತ್ತಿದ್ದು ನಂಗೆ ನೆನಪಿದೆ." ದೊಡ್ಡಪ್ಪ ಕಾಲಿನ ಹೆಬ್ಬೆರಳು ನೋಡಿಕೊಂಡರು. ಕಲೆ ಇತ್ತು. ಹೋಂಸ್ಟೇ ಅಲ್ಲಿಗೇ ಮುಚ್ಚಿತು. ಗುಂಪಿನಲ್ಲಿ ಮಾತ್ರ ಆ ಫೋಟೋಗೆ ಇವತ್ತಿಗೂ ಹೃದಯದ ಚಿತ್ರ ಬೀಳುತ್ತಿರುತ್ತದೆ.

ಹೊಸ ಪಕಾಸಿಗೆ ಒರಲೆ ಬರಬಾರದೆಂದು ಗೇರುಬೀಜದ ಸಿಪ್ಪೆಯ ಎಣ್ಣೆ ತರಿಸಿದ್ದೆವು. ಕರಾವಳಿಯ ಹಳೇ ಪದ್ಧತಿ, ಕೆಲಸವೂ ಮಾಡುತ್ತದೆ. ಆದರೆ ಮೈಗೆ ತಾಗಿದರೆ ಸುಡುತ್ತದೆ. ಕೈಗವಸು ಹಾಕಿಕೋ ಎಂದರೆ ಬೆಂಗಳೂರಿನ ಅಳಿಯ, "ನ್ಯಾಚುರಲ್ ಅಲ್ವಾ, ಏನಾಗತ್ತೆ" ಎಂದು ಬರಿಗೈಯಲ್ಲಿ ಬಳಿದ. ಎರಡು ದಿನ ಅವನಿಗೆ ಅವನ ಹೆಂಡತಿ ತುತ್ತು ಮಾಡಿ ಉಣ್ಣಿಸಿದಳು. ಅವರಿಬ್ಬರ ನಡುವೆ ಸ್ವಲ್ಪ ಮುನಿಸು ಇತ್ತಂತೆ. ಅದು ಕಡಿಮೆಯಾಯಿತು ಎಂದು ಅತ್ತಿಗೆ ನಂತರ ಹೇಳಿದರು. ಎಣ್ಣೆಗೆ ಈ ಗುಣವೂ ಇದೆ ಎಂದು ಅಂಗಡಿಯವನಿಗೆ ಗೊತ್ತಿರಲಿಕ್ಕಿಲ್ಲ.

ವಾಸ್ತು ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಸ ಶೌಚಾಲಯದ ಗುಂಡಿ ಈಶಾನ್ಯಕ್ಕೆ ಬರಬಾರದು ಎಂದು ಮಾವ ಫೋನಿನ ದಿಕ್ಸೂಚಿ ತೆಗೆದರು. ಇನ್ನೊಬ್ಬರ ಫೋನಿನಲ್ಲಿ ಉತ್ತರ ಬೇರೆ ಕಡೆ ಇತ್ತು. ಮಾವನ ಫೋನಿಗೆ ಮ್ಯಾಗ್ನೆಟ್ ಇರುವ ಕವರು, ಅದಕ್ಕೆ ಉತ್ತರ ದಿಕ್ಕು ತೆಂಗಿನಮರದ ಹತ್ತಿರ. ಮೂವರು ಫೋನ್ ಹಿಡಿದು ಹಿತ್ತಲಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದಾಗ ಮೇಸ್ತ್ರಿ ಗುದ್ದಲಿ ಊರಿ ನಿಂತಿದ್ದರು. "ಸೂರ್ಯ ಎಲ್ಲಿ ಹುಟ್ತಾನೆ ಅಂತ ನಂಗೆ ಗೊತ್ತು ಸ್ವಾಮಿ. ಗುಂಡಿ ಎಲ್ಲಿ ತೆಗೀಬೇಕು, ಅದನ್ನ ಹೇಳಿ."

ಗೋಡೆಯ ಜಗಳ ದೊಡ್ಡದು. ನಮ್ಮದು ಮಣ್ಣಿನ ಗೋಡೆ. ಆರ್ಕಿಟೆಕ್ಚರ್ ಓದುತ್ತಿರುವ ತಂಗಿಯ ಮಗಳು, ಮಣ್ಣಿಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗಾರೆ ಹೊಪ್ಪಳಿಕೆ ಏಳುತ್ತದೆ, ಸುಣ್ಣದ ಗಾರೆಯೇ ಆಗಬೇಕು, ಗೋಡೆ ಉಸಿರಾಡಬೇಕು ಎಂದಳು. ಅವಳು ಹೇಳಿದ್ದು ಸರಿಯೇ. ಮೇಸ್ತ್ರಿ ಮಾತ್ರ, "ಗೋಡೆ ಇರಲಿ, ಮಳೆ ಬರೋದ್ರೊಳಗೆ ಮುಗಿಸೋಕೆ ನಮಗೇ ಉಸಿರಾಡೋ ಪುರುಸೊತ್ತಿಲ್ಲ" ಎಂದರು. ಅವಳು ಬಿಡಲಿಲ್ಲ. ಹಳೆಯವರು ಮಾಡುತ್ತಿದ್ದ ಹಾಗೆ ಬೆಲ್ಲ, ಜಜ್ಜಿದ ಅಳಲೆಕಾಯಿ ನೀರಲ್ಲಿ ನೆನೆಹಾಕಿ, ಆ ನೀರನ್ನು ಸುಣ್ಣಕ್ಕೆ ಬೆರೆಸಬೇಕು. ಕೊಳೆಯಲಿ ಎಂದು ಬಕೆಟ್ಟನ್ನು ಜಗಲಿಯ ನೆರಳಲ್ಲಿ ತಟ್ಟೆ ಮುಚ್ಚಿ ಇಟ್ಟಳು.

ಮಧ್ಯಾಹ್ನದ ಬಸ್ಸಿಗೆ ಶಿರಸಿಯ ಸಣ್ಣ ಮಾವ ಬಂದರು. ರಣಬಿಸಿಲು. ಮಲೆನಾಡಿನ ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವ ಪದ್ಧತಿ. ಎಲ್ಲರೂ ಹಿತ್ತಲಲ್ಲಿ ಉತ್ತರ ದಿಕ್ಕು ಹುಡುಕುತ್ತಿದ್ದುದರಿಂದ ಕೊಡುವವರು ಯಾರೂ ಇರಲಿಲ್ಲ. ಮಾವ ಸಂಕೋಚದವರಲ್ಲ. ತಟ್ಟೆ ಸರಿಸಿ, ಪಕ್ಕದಲ್ಲಿದ್ದ ಚೊಂಬಿನಲ್ಲಿ ಮೊಗೆದು ಗಟಗಟ ಕುಡಿದು, "ಪಾನಕ ಚೂರು ಒಗರು. ನಿಂಬೆ ಜಾಸ್ತಿ ಬೇಕಿತ್ತು" ಎಂದರು.

ಅಳಲೆಕಾಯಿ ಹೊಟ್ಟೆ ಸಾಫು ಮಾಡುತ್ತದೆ ಎಂದು ಅತ್ತೆಗೆ ಗೊತ್ತಿತ್ತು, ಮಾವನಿಗೆ ಸಂಜೆ ಗೊತ್ತಾಯಿತು. ಹಳೇ ಶೌಚಾಲಯ ಕೆಡವಿ ಆಗಿತ್ತು. ಹೊಸದರ ಗುಂಡಿಗೆ ದಿಕ್ಕು ಸಿಕ್ಕಿರಲಿಲ್ಲ. ಮಾವ ಚೊಂಬು ಹಿಡಿದು ತೋಟದ ಕಡೆ ಹೊರಟಾಗ ದಿಕ್ಕು ನೋಡಲಿಲ್ಲ. ಆ ರಾತ್ರಿಯೇ ಶೌಚಾಲಯದ ಜಾಗಕ್ಕೆ ಎಲ್ಲರ ಒಪ್ಪಿಗೆ ಸಿಕ್ಕಿತು.

ಮಾಡು ಅರ್ಧ ಹೊದೆಸಿದ್ದಾಗ ಮೇ ತಿಂಗಳ ಗುಡುಗುಮಳೆ ಬಂತು. ಹೇಳಿ ಬರುವ ಮಳೆಯಲ್ಲ ಅದು. ನಾಲ್ಕು ಗಂಟೆಗೆ ಬಿಸಿಲು, ನಾಲ್ಕೂಕಾಲಿಗೆ ಚಾವಡಿಯಲ್ಲಿ ನೀರು. ಟಾರ್ಪಾಲು ಎಲ್ಲಿ ಎಂದು ಕೂಗಿದೆ. ಭಾವ ಅದನ್ನು ಕಾರಿಗೆ ಹೊದೆಸಿದ್ದರು. ಹಲಸಿನ ಮರದಡಿ ನಿಲ್ಲಿಸಿದ್ದ ಹೊಸ ಕಾರು. ಬಿಚ್ಚಿ ತರುವಷ್ಟರಲ್ಲಿ ಗಾಳಿ ಅದನ್ನು ತೋಟಕ್ಕೆ ಒಯ್ಯಿತು. ಹಿಂದೆಯೇ ಹುಡುಗರು ಓಡಿದರು. ದೊಡ್ಡಪ್ಪ ದೇವರನ್ನು ಹರಿವಾಣದಲ್ಲಿಟ್ಟುಕೊಂಡು, ಅತ್ತಿಗೆ ಅಕ್ಕಿಡಬ್ಬ ಹೊತ್ತುಕೊಂಡು, ಚಿಕ್ಕಪ್ಪ ರೂಟರ್ ಎದೆಗೆ ಅವಚಿಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರು. ಎಲ್ಲಿ ಹೋದರೂ ಸೋರುತ್ತಿತ್ತು. ಸಲಹೆಗಳಿಗೆ ಮಾತ್ರ ಬರವಿರಲಿಲ್ಲ. "ಅಲ್ಲಿ ಬಕೆಟ್ ಇಡಿ", "ಇಲ್ಲಿ ಪಾತ್ರೆ ಇಡಿ", "ಮೊದಲೇ ಆ ಕಡೆಯಿಂದ ಹೊದೆಸಿದ್ದರೆ ಹೀಗಾಗ್ತಿರಲಿಲ್ಲ".

ಕೊನೆಗೆ ದೇವರು, ಅಕ್ಕಿ, ರೂಟರ್ ಸಮೇತ ಎಲ್ಲರೂ ಕೊಟ್ಟಿಗೆಗೆ ಬಂದು ಕೂತೆವು. ಒಂದು ಹನಿ ನೀರಿಲ್ಲ. ಹಿಂದಿನ ವರ್ಷ ಅದಕ್ಕೆ ಸುಮ್ನೆ ತಗಡು ಹೊಡೆಸಿದ್ದೆ. ಯಾರನ್ನೂ ಕೇಳಿರಲಿಲ್ಲ. ದನದ ಕೊಟ್ಟಿಗೆಗೆ ಅಭಿಪ್ರಾಯ ಬೇಕು ಎಂದು ಯಾರಿಗೂ ಅನಿಸಿರಲಿಲ್ಲ. ಈ ವಿಷಯವನ್ನು ಎತ್ತಿ ಹೇಳಬೇಕು ಎಂದು ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಪುಣೆಯ ಚಿಕ್ಕಪ್ಪ ಮೇಲೆ ನೋಡಿ, "ಈ ತಗಡಿನ ಇಳಿಜಾರು ಸ್ವಲ್ಪ ಸರಿ ಇಲ್ಲ" ಎಂದರು. ಹಸು ಅವರ ಅಂಗಿಯ ತೋಳು ತಿನ್ನಲು ಶುರು ಮಾಡಿತು. ನಾನು ತಡೆಯಲಿಲ್ಲ.

ಎಲ್ಲ ಮುಗಿದ ಮೇಲೆ ನೆಲ. ದೇವರಮನೆಗೂ ಚಾವಡಿಗೂ ರೆಡ್ ಆಕ್ಸೈಡ್ ಎಂದು ತೀರ್ಮಾನವಾಗಿತ್ತು. ಟೈಲ್ಸ್ ಪಕ್ಷದವರು ಸೋತು ಊರಿಗೆ ಹೋಗಿದ್ದರು. ರೆಡ್ ಆಕ್ಸೈಡ್ ಹಾಕುವುದು ಬರೀ ಬಣ್ಣ ಬಳಿಯುವ ಕೆಲಸವಲ್ಲ. ಸಿಮೆಂಟಿಗೆ ಪುಡಿ ಬೆರೆಸಿ ಹದವಾಗಿ ಹರಡಿ, ಅದು ಬಿಗಿಯುವ ಮೊದಲು ಕರಣೆಯಲ್ಲಿ ತೀಡಿ ತೀಡಿ ಹೊಳಪು ತರಬೇಕು. ಆಮೇಲೆ ದಿನಗಟ್ಟಲೆ ನೀರು ಕಟ್ಟಬೇಕು. ಮೇಸ್ತ್ರಿ ಬೆಳಗಿಂದ ಮಂಡಿಯೂರಿ ತೀಡಿ, ಬಾಗಿಲಿಗೆ ಬೆಂಚು ಅಡ್ಡ ಇಟ್ಟು, "ಯಾರೂ ಕಾಲಿಡಬೇಡಿ" ಎಂದು ಮನೆಗೆ ಹೋದರು.

ಆದರೆ ದೀಪ ಹಚ್ಚುವ ಹೊತ್ತಾಗಿತ್ತು. ಅತ್ತೆ ಈ ಮನೆಯಲ್ಲಿದ್ದ ಯಾವ ಸಂಜೆಯೂ ದೇವರಿಗೆ ದೀಪ ತಪ್ಪಿಸಿದವರಲ್ಲ. ದೇವರು ಇನ್ನೂ ಕೊಟ್ಟಿಗೆಯಲ್ಲೇ ಇದ್ದದ್ದು ಅವರಿಗೆ ಮರೆತಿತ್ತು. ಬೆಂಚು ಸರಿಸಿ ಒಳಗೆ ಹೋದರು.

ಬೆಳಿಗ್ಗೆ ನೋಡಿದರೆ ಕೆಂಪು ನೆಲದ ಮೇಲೆ ಪುಟ್ಟ ಪುಟ್ಟ ಹೆಜ್ಜೆ, ಕಾಲುಂಗುರದ ಗುರುತು ಸಮೇತ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅತ್ತಿಗೆ ಕೈ ಮುಗಿದು, "ಸಾಕ್ಷಾತ್ ಲಕ್ಷ್ಮಿ ಬಂದ ಹಾಗಿದೆ, ಹಾಗೇ ಇರಲಿ" ಎಂದರು. ಎಲ್ಲರಿಗೂ ಒಪ್ಪಿಗೆಯಾಯಿತು. ಈ ರಿಪೇರಿಯಲ್ಲಿ ಎಲ್ಲರೂ ಒಟ್ಟಿಗೆ ಒಪ್ಪಿದ್ದು ಮಾವನ ಪಾನಕದ ನಂತರ ಇದೊಂದನ್ನೇ.

ದೊಡ್ಡಪ್ಪ ಕನ್ನಡಕ ಏರಿಸಿ ಹೆಜ್ಜೆ ಎಣಿಸಿದರು. "ಒಳಗೆ ಬಂದಿದ್ದು ಏಳು. ಹೊರಗೆ ಹೋಗಿದ್ದೂ ಏಳು. ಇದು ಹೇಗೆ? ಹೊರಗೆ ಹೋಗಿದ್ದನ್ನಾದರೂ ಅಳಿಸಬೇಕಲ್ಲ?"

ಅತ್ತೆ ಜಗಲಿಯಲ್ಲಿ ಕೂತು ಭರಣಿಯ ಮುಚ್ಚಳ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಅಳಿಸೋದು ಯಾಕೆ? ಮೇಸ್ತ್ರಿ ಬಿಲ್ ನೋಡು. ಹೊರಗೆ ಹೋಗಿದ್ದು ಸುಳ್ಳಾ?"